ಸಹಕಾರಿ ರವೀಂದ್ರರು ಮತ್ತು ಮಣ್ಣಿನ ಶಾಲೆ

ನಮ್ಮ ಸಂಘವು ಬೆಳ್ಳಿ ಹಬ್ಬವನ್ನು ಆಚರಿಸಿಕೊಳ್ಳುತ್ತಿರುವ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗಾಗಿ ಒಬ್ಬ ಮಹನೀಯರ ಜೀವನ ಚರಿತ್ರೆಯನ್ನು ಬರೆದು ಕೊಡಬೇಕೆಂದು ಸಂಪಾದಕ ಮಂಡಳಿಯವರು ಸೂಚಿಸಿದರು. ಸಹಕಾರಿ ರಂಗದ ಸಂಚಿಕೆ ಅಂದಮೇಲೆ ಕಣಗಿನಹಾಳದ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಹೆಸರು ಮೊದಲು ನೆನಪಿಗೆ ಬರುವುದು ಸಹಜ. ಅವರು ಗದಗಿನ ಹತ್ತಿರ 1905ರಲ್ಲಿ ರೈತರ ಪತ್ತಿನ ಸಂಘವನ್ನು ಕಟ್ಟಿದ್ದು ನಮ್ಮ ಸದಸ್ಯರಿಗೆ ತಿಳಿದೇ ಇದೆ. ಅದೇ 1905ರಲ್ಲಿ ದೂರದ ಬಂಗಾಳದ ಒಂದು ಹಳ್ಳಿಯಲ್ಲಿ ಇನ್ನೊಬ್ಬರು ರೈತರಿಗಾಗಿ ಬ್ಯಾಂಕು ತೆರೆದಿದ್ದರು. ಅವರು ಕವಿ. ಹೆಸರು ರವೀಂದ್ರನಾಥ ಠಾಕೂರ.

ರಾಷ್ಟ್ರಗೀತೆ ಬರೆದವರು, ನೋಬೆಲ್ ಬಹುಮಾನ ಪಡೆದವರು ಅಂತ ಎಲ್ಲ ಮಕ್ಕಳಿಗೂ ಗೊತ್ತು. ಗೋಡೆಯ ಮೇಲಿನ ಪಟದಲ್ಲಿ ಉದ್ದ ಗಡ್ಡ, ಉದ್ದ ನಿಲುವಂಗಿ ನೋಡಿ ಇವರು ಯಾರೋ ಋಷಿಗಳು, ನಮಗೂ ಇವರಿಗೂ ಏನು ಸಂಬಂಧ ಅಂತ ಬಹಳ ಜನ ತಿಳಿದುಕೊಂಡಿದ್ದಾರೆ. ಆದರೆ ಗೊಬ್ಬರ, ಮಣ್ಣು, ಸಾಲ, ಮಲೇರಿಯಾ, ಹಳ್ಳಿ ಶಾಲೆ ಇವುಗಳಿಗಾಗಿ ಅವರು ಕಳೆದ ವರ್ಷಗಳು ಕವಿತೆಗೆ ಕಳೆದ ವರ್ಷಗಳಿಗಿಂತ ಬಹಳ ಕಡಿಮೆಯೇನಲ್ಲ. ಆ ಭಾಗವನ್ನೇ ನಾವು ಇಲ್ಲಿ ಹೇಳಲು ಹೊರಟಿದ್ದೇವೆ.

1861ರ ಮೇ 7ರಂದು ಕಲ್ಕತ್ತೆಯ ಜೋಡಾಸಾಂಕೋದ ದೊಡ್ಡ ಜಮೀನ್ದಾರಿ ಮನೆಯಲ್ಲಿ ರವೀಂದ್ರರ ಜನನವಾಯಿತು. ತಂದೆ ದೇವೇಂದ್ರನಾಥರು ಬ್ರಹ್ಮಸಮಾಜದ ಮುಖಂಡರು, ಜನ ಅವರನ್ನು ಮಹರ್ಷಿ ಎಂದೇ ಕರೆಯುತ್ತಿದ್ದರು. ತಾಯಿ ಶಾರದಾದೇವಿ. ತುಂಬಿದ ಮನೆಯ ಕೊನೆಯ ಹುಡುಗನಾದ್ದರಿಂದ ಅವರು ಬೆಳೆದದ್ದು ಹೆಚ್ಚಾಗಿ ಆಳುಗಳ ಕೈಯಲ್ಲಿ. ಶ್ಯಾಮ ಎಂಬ ಆಳು ಹುಡುಗನನ್ನು ಒಂದು ಕಡೆ ಕೂಡಿಸಿ, ಸುತ್ತಲೂ ಸೀಮೆಸುಣ್ಣದ ಗೆರೆ ಎಳೆದು, ದಾಟಬಾರದು ಅಂತ ಹೆದರಿಸಿ ತನ್ನ ಪಾಡಿಗೆ ಹೋಗಿಬಿಡುತ್ತಿದ್ದನಂತೆ. ಕಿಟಕಿಯಿಂದ ಒಂದು ಕೆರೆ, ಒಂದು ಆಲದ ಮರ ಕಾಣುತ್ತಿತ್ತು. ಗಂಟೆಗಟ್ಟಲೆ ಅದನ್ನೇ ನೋಡುತ್ತ ಕೂಡುವುದು. ಮುಂದೆ ಶಾಲೆಗೆ ಹಾಕಿದರು. ಮೂರು ನಾಲ್ಕು ಶಾಲೆ ಬದಲಾಯಿಸಿದರೂ ಯಾವುದೂ ಹಿಡಿಸಲಿಲ್ಲ. ಅಲ್ಲಿಯೂ ಗೋಡೆ, ಬೆಂಚು, ಬಾಯಿಪಾಠ. ಹದಿನಾಲ್ಕರ ಹೊತ್ತಿಗೆ ಶಾಲೆ ಬಿಟ್ಟೇ ಬಿಟ್ಟರು. ಹೀಗೆ ಶಾಲೆ ಬಿಟ್ಟವರೇ ಮುಂದೆ ಶಾಲೆ ಕಟ್ಟಿದರು.

1873ರಲ್ಲಿ ತಂದೆ ಮಗನನ್ನು ಕರೆದುಕೊಂಡು ಹಿಮಾಲಯಕ್ಕೆ ಹೊರಟರು. ದಾರಿಯಲ್ಲಿ ಬೀರಭೂಮ್ ಜಿಲ್ಲೆಯ ಬೋಲ್ಪುರದ ಹತ್ತಿರ ಕೆಲವು ದಿನ ತಂಗಿದರು. ಅಲ್ಲಿ ದೇವೇಂದ್ರನಾಥರು 1863ರಲ್ಲಿ ಇಪ್ಪತ್ತು ಬಿಘಾ ಬಯಲು ಭೂಮಿಯನ್ನು ಪಡೆದು ಶಾಂತಿನಿಕೇತನ ಎಂಬ ಮನೆ ಕಟ್ಟಿಸಿದ್ದರು. ಆ ಬಯಲಿನಲ್ಲಿ ಮೊದಲು ಇದ್ದದ್ದು ಎರಡು ಹಾಲೆ ಮರ, ಅಂದರೆ ಸಪ್ತಪರ್ಣಿ. ಉಳಿದಂತೆ ಕೆಂಪು ಜಂಬಿಟ್ಟಿಗೆ ನೆಲ. ಕಾಡು ಹೋಗಿ, ಮೇಲ್ಮಣ್ಣು ಮಳೆಯಲ್ಲಿ ಕೊಚ್ಚಿ ಹೋಗಿ, ನೆಲ ಸೀಳಿ ಕೊರಕಲು ಬಿದ್ದಿತ್ತು. ಆ ಕೊರಕಲಿಗೆ ಅಲ್ಲಿಯ ಜನ ಖೋವಾಯಿ ಅನ್ನುತ್ತಾರೆ. ನಮ್ಮ ಕಡೆ ಚಿರೆಕಲ್ಲಿನ ಬೋಳು ಗುಡ್ಡ ನೋಡಿದವರಿಗೆ ಬೇರೆ ವಿವರಣೆ ಬೇಡ. ಗೆರೆಯೊಳಗೆ ಕೂತು ಬೆಳೆದ ಹುಡುಗನಿಗೆ ಮಾತ್ರ ಆ ಕೊರಕಲುಗಳೇ ಸ್ವರ್ಗ. ದಿನವಿಡೀ ಕಲ್ಲು ಆರಿಸುತ್ತ ತಿರುಗಾಡಿದರು.

ನಮ್ಮ ಉತ್ತರ ಕನ್ನಡ ಜಿಲ್ಲೆಗೂ ಅವರಿಗೂ ಒಂದು ನಂಟಿದೆ. ಅವರ ಅಣ್ಣ ಸತ್ಯೇಂದ್ರನಾಥರು, ಐ.ಸಿ.ಎಸ್. ಆದ ಭಾರತೀಯರಲ್ಲಿ ಮೊದಲಿಗರು, ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ತಮ್ಮ ಬಂದು ಅವರಲ್ಲಿ ಉಳಿದರು. ಕಡಲು, ಕಾಳಿ ನದಿ, ಗುಡ್ಡ ಎಲ್ಲ ತಿರುಗಿ ಅಲ್ಲಿಯೇ ಪ್ರಕೃತಿರ್ ಪ್ರತಿಶೋಧ ಎಂಬ ನಾಟಕ ಬರೆದರು, 1883ರಲ್ಲಿ. ಪ್ರಕೃತಿಯನ್ನು ಗೆದ್ದೆನೆಂದು ತಿಳಿದ ಸನ್ಯಾಸಿಯೊಬ್ಬನನ್ನು ಒಂದು ಅನಾಥ ಹುಡುಗಿಯ ಪ್ರೀತಿ ಮತ್ತೆ ಲೋಕಕ್ಕೆ ಎಳೆದು ತರುವ ಕಥೆ ಅದು. ಕಾರವಾರದ ಕಡಲತೀರಕ್ಕೆ ಅವರ ಹೆಸರಿಟ್ಟಿರುವುದು ಇದೇ ಕಾರಣದಿಂದ. ಸಮುದ್ರ ನೋಡಲು ಹೋಗುವ ನಮ್ಮವರಲ್ಲಿ ಎಷ್ಟೋ ಮಂದಿಗೆ ಇದು ಗೊತ್ತಿರಲಿಕ್ಕಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಮೃಣಾಲಿನಿದೇವಿಯವರ ಸಂಗಡ ಮದುವೆಯಾಯಿತು.

ಜೀವನದ ದಿಕ್ಕು ಬದಲಾದದ್ದು 1890ರ ನಂತರ. ಪೂರ್ವ ಬಂಗಾಳದಲ್ಲಿದ್ದ ಜಮೀನ್ದಾರಿಯನ್ನು ನೋಡಿಕೊಳ್ಳಲು ತಂದೆ ಅವರನ್ನು ಕಳಿಸಿದರು. ಶಿಲಾಯಿದಹ, ಶಾಹಜಾದಪುರ, ಪತಿಸರ್ ಎಂಬ ಆ ಊರುಗಳು ಈಗ ಬಾಂಗ್ಲಾದೇಶದಲ್ಲಿವೆ. ಪದ್ಮಾ ನದಿಯಲ್ಲಿ ದೋಣಿಮನೆಯಲ್ಲೇ ವಾಸ. ಗೇಣಿ ವಸೂಲಿಗೆ ಬಂದ ಒಡೆಯನ ಕಣ್ಣಿಗೆ ಕಂಡದ್ದು ರೈತರ ಸಾಲ, ಜ್ವರ, ಮತ್ತು ಎಲ್ಲದಕ್ಕೂ ಯಾರಾದರೂ ಬಂದು ಮಾಡಿ ಕೊಡಲಿ ಅಂತ ಕಾಯುವ ಸ್ವಭಾವ. ದಾನ ಕೊಟ್ಟರೆ ಈ ಸ್ವಭಾವ ಇನ್ನೂ ಗಟ್ಟಿಯಾಗುತ್ತದೆ ಅನ್ನುವುದು ಅವರಿಗೆ ಬೇಗನೆ ತಿಳಿಯಿತು. ಹಾಗಾಗಿ ಹಿತೈಷಿ ಸಭೆ ಎಂಬ ಊರ ಮಂಡಳಿಗಳನ್ನು ಮಾಡಿಸಿದರು. ರೈತರು ಗೇಣಿಯ ಜೊತೆಗೆ ಒಂದು ಸಣ್ಣ ವಂತಿಗೆ ಕೊಡುವುದು, ಜಮೀನ್ದಾರರೂ ಅದಕ್ಕೆ ತಮ್ಮ ಪಾಲು ಸೇರಿಸುವುದು, ಆ ಹಣದಿಂದ ಶಾಲೆ, ಬಾವಿ, ರಸ್ತೆಯನ್ನು ಊರವರೇ ಮಾಡಿಕೊಳ್ಳುವುದು. ಮನೆ ಹಿತ್ತಿಲಿನಲ್ಲಿ, ಗದ್ದೆಯ ಬದುವಿನ ಮೇಲೆ ಅನಾನಸು, ಬಾಳೆ, ಖರ್ಜೂರ ಹಾಕಿಸಿರಿ ಎಂದು ತಮ್ಮ ನೌಕರರಿಗೆ ಪತ್ರ ಬರೆದು ತಿಳಿಸಿದ್ದೂ ಉಂಟು. ಎಲ್ಲವೂ ಕೈಹಿಡಿಯಿತು ಅಂತಲ್ಲ. ಶಿಲಾಯಿದಹದಲ್ಲಿ ಆಲೂಗಡ್ಡೆ ಹಾಕಿ ನಷ್ಟ ಮಾಡಿಕೊಂಡರು. ಹೊಸ ಬೆಳೆ ಹಾಕಿದವರಿಗೆಲ್ಲ ಈ ಅನುಭವ ಇದ್ದದ್ದೇ.

1905ರಲ್ಲಿ ಪತಿಸರದ ಕೃಷಿ ಬ್ಯಾಂಕು ಶುರುವಾಯಿತು. ಸ್ನೇಹಿತರಿಂದ ಸಾಲ ತಂದು ಅದರಿಂದ ರೈತರಿಗೆ ಸಾಲ ಕೊಟ್ಟರು. ಸಾಹುಕಾರರ ಬಡ್ಡಿಗೆ ಸಿಕ್ಕಿ ಒದ್ದಾಡುತ್ತಿದ್ದವರಿಗೆ ಉಸಿರಾಡಲು ಅವಕಾಶವಾಯಿತು. 1913ರಲ್ಲಿ ನೋಬೆಲ್ ಬಹುಮಾನ ಬಂದಿತಲ್ಲ, ಆ ಹಣ ಒಂದು ಲಕ್ಷಕ್ಕೂ ಮಿಕ್ಕಿ ಇತ್ತು. ಅದನ್ನು ಇದೇ ಬ್ಯಾಂಕಿನಲ್ಲಿ ಠೇವಣಿ ಇಟ್ಟರು. ರೈತರಿಗೆ ಸಾಲವಾಗುತ್ತದೆ, ಬಡ್ಡಿಯಿಂದ ಶಾಲೆ ನಡೆಯುತ್ತದೆ ಅನ್ನುವ ಲೆಕ್ಕ. ಮುಂದೆ 1930ರ ದಶಕದಲ್ಲಿ ಬಂಗಾಳ ಸರಕಾರ ರೈತರ ಸಾಲ ಪರಿಹಾರದ ಕಾಯಿದೆ ತಂದಾಗ ವಸೂಲಿ ನಿಂತು ಬ್ಯಾಂಕು ಮುಳುಗಿತು, ಇಟ್ಟ ಹಣವೂ ಬರಲಿಲ್ಲ. ಸಂಘ ನಡೆಸುವ ನಾವು ಇದನ್ನು ಓದಿದಾಗ ಸ್ವಲ್ಪ ಹೊತ್ತು ಸುಮ್ಮನೆ ಕೂತೆವು. ಸಾಲ ಮನ್ನಾ ಆದಾಗ ರೈತನ ಮನೆಯಲ್ಲಿ ಸಂತೋಷ, ಸಂಘದ ಲೆಕ್ಕದ ಪುಸ್ತಕದಲ್ಲಿ ಏನಾಗುತ್ತದೆ ಅನ್ನುವುದು ನಮ್ಮ ಕಾರ್ಯದರ್ಶಿಗಳನ್ನು ಕೇಳಿದರೆ ಹೇಳುತ್ತಾರೆ.

ಶಾಲೆಯ ವಿಷಯಕ್ಕೆ ಬರೋಣ. 1901ರ ಡಿಸೆಂಬರ್ 22ರಂದು ಶಾಂತಿನಿಕೇತನದ ಅದೇ ಕೆಂಪು ಬಯಲಿನಲ್ಲಿ ಬೆರಳೆಣಿಕೆಯ ಹುಡುಗರನ್ನು ಇಟ್ಟುಕೊಂಡು ಶಾಲೆ ಶುರು ಮಾಡಿದರು. ಅವರಲ್ಲಿ ಒಬ್ಬ ಸ್ವಂತ ಮಗ ರಥೀಂದ್ರನಾಥ. ಮರದ ಕೆಳಗೆ ಪಾಠ. ಹುಡುಗರು ಗಿಡಕ್ಕೆ ನೀರು ಹಾಕಬೇಕು, ಋತು ಬದಲಾದಾಗ ಹಾಡು, ನಾಟಕ ಮಾಡಬೇಕು. ಮಳೆಗಾಲ ಬಂದರೆ ಅದಕ್ಕೊಂದು ಹಬ್ಬ. ಖರ್ಚಿಗೆ ಮೃಣಾಲಿನಿದೇವಿಯವರು ಮೈಮೇಲಿನ ಒಡವೆಗಳನ್ನು ಕೊಟ್ಟರು, ಪುರಿಯಲ್ಲಿದ್ದ ಮನೆಯೂ ಮಾರಾಟವಾಯಿತು. 1902ರ ನವೆಂಬರಿನಲ್ಲಿ ಆ ತಾಯಿ ತೀರಿಕೊಂಡರು. 1903ರಲ್ಲಿ ಮಗಳು ರೇಣುಕಾ, 1905ರಲ್ಲಿ ತಂದೆ, 1907ರಲ್ಲಿ ಕಾಲರಾ ಬಂದು ಕಿರಿಯ ಮಗ ಶಮೀಂದ್ರ. ಐದು ವರ್ಷಗಳಲ್ಲಿ ಮನೆ ಬರಿದಾಯಿತು. ಶಾಲೆ ಒಂದು ದಿನವೂ ಮುಚ್ಚಬಾರದೆಂದು ದುಡಿದರು.

ಇದರ ಮಧ್ಯೆಯೇ 1906ರಲ್ಲಿ ಮಗ ರಥೀಂದ್ರನನ್ನೂ ಸ್ನೇಹಿತರ ಮಗ ಸಂತೋಷ ಮಜುಂದಾರನನ್ನೂ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಕಳಿಸಿದರು, ಕೃಷಿ ಶಾಸ್ತ್ರ ಓದಲು. ಆ ಕಾಲದ ಶ್ರೀಮಂತರ ಮಕ್ಕಳು ಹೊರದೇಶಕ್ಕೆ ಹೋದರೆ ಬ್ಯಾರಿಸ್ಟರ್ ಆಗಿ ಬರುತ್ತಿದ್ದರು. ಇವರ ಮಗ 1909ರಲ್ಲಿ ಮಣ್ಣು ಪರೀಕ್ಷೆ ಕಲಿತು ಬಂದ. ಶಿಲಾಯಿದಹದಲ್ಲಿ ಸಣ್ಣ ಪ್ರಯೋಗಶಾಲೆ ಮಾಡಿ, ಅಮೆರಿಕದ ಮೆಕ್ಕೆಜೋಳದ ಬೀಜ ತರಿಸಿ ಬಿತ್ತಿಸಿದ. ಇಂದಿಗೂ ನಮ್ಮ ಊರುಗಳಲ್ಲಿ ಚೆನ್ನಾಗಿ ಓದುವ ಹುಡುಗ ಇಂಜಿನಿಯರಿಂಗಿಗೆ, ಓದು ಹತ್ತದವನು ತೋಟಕ್ಕೆ ಅನ್ನುವ ಪದ್ಧತಿ ಇದೆಯಷ್ಟೆ. ನೂರು ವರ್ಷಕ್ಕೂ ಹಿಂದೆ ಒಬ್ಬ ಜಮೀನ್ದಾರರು ಇದನ್ನು ತಿರುಗಿಸಿ ಹಾಕಿದ್ದರು.

1912ರಲ್ಲಿ ಶಾಂತಿನಿಕೇತನದ ಹತ್ತಿರದ ಸುರುಲ್ ಎಂಬ ಊರಲ್ಲಿ ಹಳೆಯ ಕೋಠಿಯೊಂದನ್ನೂ ಭೂಮಿಯನ್ನೂ ಕೊಂಡರು. ಮಲೇರಿಯಾದ ಕಾಟದಿಂದ ಅಲ್ಲಿ ಯಾರೂ ನಿಲ್ಲಲಾಗಲಿಲ್ಲ, ಹತ್ತು ವರ್ಷ ಹಾಗೇ ಬಿದ್ದಿತ್ತು. ಮುಂದೆ ಅಮೆರಿಕಕ್ಕೆ ಹೋದಾಗ ಕಾರ್ನೆಲ್‌ನಲ್ಲಿ ಕೃಷಿ ಓದುತ್ತಿದ್ದ ಲಿಯೋನಾರ್ಡ್ ಎಲ್ಮ್‌ಹರ್ಸ್ಟ್ ಎಂಬ ಇಂಗ್ಲಿಷ್ ತರುಣ ಸಿಕ್ಕಿದರು. 1921ರ ಕೊನೆಗೆ ಅವರು ಬಂದು ಸೇರಿದರು. 1922ರ ಫೆಬ್ರವರಿ 6ರಂದು ಸುರುಲಿನಲ್ಲಿ ಗ್ರಾಮ ಪುನರ್ರಚನೆಯ ಸಂಸ್ಥೆ ಆರಂಭವಾಯಿತು. ಅದಕ್ಕೇ ಮುಂದೆ ಶ್ರೀನಿಕೇತನ ಎಂಬ ಹೆಸರು ಬಂತು. ಡೊರೊಥಿ ಎಂಬ ಅಮೆರಿಕದ ಮಹಿಳೆ ಹಣ ಕೊಟ್ಟರು, ಕೆಲವು ವರ್ಷದ ಮೇಲೆ ಅವರೂ ಎಲ್ಮ್‌ಹರ್ಸ್ಟರೂ ಮದುವೆಯಾದರು.

ಎಲ್ಮ್‌ಹರ್ಸ್ಟ್ ಬಂದ ಹೊಸತರಲ್ಲಿ ಹುಡುಗರಿಗೆ ಹೇಳಿಕೊಟ್ಟ ಮೊದಲ ಪಾಠ ಯಾವುದು ಗೊತ್ತೇ? ಕಕ್ಕಸಿನ ಹೊಲಸನ್ನು ಗುಂಡಿ ತೆಗೆದು ಮುಚ್ಚಿ ಗೊಬ್ಬರ ಮಾಡುವುದು. ಮೇಲುಜಾತಿಯ ಹುಡುಗರು ಹಿಂದೆ ಸರಿದರು. ಅವರೇ ಬಕೆಟ್ ಹಿಡಿದು ನಡೆದರು, ಆಮೇಲೆ ಹುಡುಗರು ಬಂದರು. ಕೆಲವು ತಿಂಗಳಲ್ಲಿ ಆ ಜಾಗದಲ್ಲಿ ತರಕಾರಿ ಎದ್ದಿತು. ಸುತ್ತಲ ಹಳ್ಳಿಗಳ ರೋಗ ಏನು ಅಂತ ಅವರು ಲೆಕ್ಕ ಹಾಕಿದಾಗ ಮಲೇರಿಯಾ ಮತ್ತು ಮಂಗಗಳ ಜೊತೆಗೆ ಮೂರನೆಯದಾಗಿ ಬಂದದ್ದು ಒಬ್ಬರ ಮೇಲೊಬ್ಬರಿಗೆ ಇರುವ ಅಪನಂಬಿಕೆ. ಮಂಗಗಳ ವಿಷಯ ನಾವು ಇಲ್ಲಿ ಬರೆದು ಪುಟ ತುಂಬಿಸುವುದಿಲ್ಲ, ಬಾಳೆ ಬೆಳೆಯುವವರೆಲ್ಲರಿಗೂ ತಿಳಿದದ್ದೇ. ಅಪನಂಬಿಕೆಗೆ ಮಾತ್ರ ರವೀಂದ್ರರು ಕಂಡ ಮದ್ದು ಸಹಕಾರ. ಪತ್ತಿನ ಸಂಘ, ನೀರಾವರಿ ಸಂಘ, ಆರೋಗ್ಯ ಸಹಕಾರ ಸಂಘ ಹೀಗೆ ಒಂದೊಂದಾಗಿ ಆದವು. ಆರೋಗ್ಯ ಸಂಘಕ್ಕೆ ಮನೆಮನೆಯವರು ವಂತಿಗೆ ಕೊಡುವುದು, ವೈದ್ಯರನ್ನು ಇಟ್ಟುಕೊಳ್ಳುವುದು, ನಿಂತ ನೀರಿನ ಹೊಂಡ ಮುಚ್ಚುವುದು, ಪೊದೆ ಸವರುವುದು. ಕಾಲೀಮೋಹನ ಘೋಷ್ ಎಂಬ ಕಾರ್ಯಕರ್ತರು ಊರೂರು ತಿರುಗಿ ಇದನ್ನೆಲ್ಲ ನಿಲ್ಲಿಸಿದರು. ಸಹಕಾರದ ಬಗ್ಗೆ ರವೀಂದ್ರರು ಬರೆದ ಲೇಖನಗಳು ಸಮವಾಯನೀತಿ ಎಂಬ ಪುಸ್ತಕವಾಗಿ ಬಂದಿವೆ.

1922ರಲ್ಲೇ ಎಲ್ಮ್‌ಹರ್ಸ್ಟ್ ಕಲ್ಕತ್ತೆಯಲ್ಲಿ ಒಂದು ಉಪನ್ಯಾಸ ಕೊಟ್ಟರು, ವಿಷಯ ಮಣ್ಣಿನ ದರೋಡೆ. ಅಧ್ಯಕ್ಷತೆ ರವೀಂದ್ರರದ್ದು. ಭೂಮಿಯಿಂದ ಬೆಳೆ ತೆಗೆದು ಪೇಟೆಗೆ ಕಳಿಸುತ್ತ ಹೋಗಿ ಅದರ ಸಾರವನ್ನು ಮತ್ತೆ ಭೂಮಿಗೆ ಹಾಕದಿದ್ದರೆ ಅದು ಕಳ್ಳತನವೇ ಅನ್ನುವುದು ಅದರ ತಿರುಳು. ರವೀಂದ್ರರು ಇದೇ ಲೆಕ್ಕವನ್ನು ವಿದ್ಯೆಗೂ ಹಚ್ಚಿದ್ದರು ಎಂಬುದೇ ನಮಗೆ ಅವರ ಜೀವನದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು. ಇಂಗ್ಲಿಷ್ ಸರಕಾರದ ಶಾಲೆ ಹಳ್ಳಿಯ ಚುರುಕು ಬುದ್ಧಿಯನ್ನೆಲ್ಲ ಆರಿಸಿ ಪಟ್ಟಣಕ್ಕೆ ಸಾಗಿಸುತ್ತದೆ. ಅಲ್ಲಿಂದ ಹಳ್ಳಿಗೆ ಮರಳಿ ಬರುವುದು ಏನೂ ಇಲ್ಲ. ಹೀಗಾದ ಮೇಲೆ ಕೆರೆಯ ಹೂಳು ಎತ್ತುವ ಬುದ್ಧಿ, ಕಾಡು ಕಾಯುವ ಬುದ್ಧಿ ಊರಲ್ಲಿ ಉಳಿಯುವುದು ಹೇಗೆ? ನಮ್ಮ ಸೊಪ್ಪಿನ ಬೆಟ್ಟದ ಕಥೆಯೂ ಇದೇ ಅಲ್ಲವೇ. ಯಾವ ಮರದ ಕೊಂಬೆ ಯಾವ ತಿಂಗಳಲ್ಲಿ ಸವರಬೇಕು, ಎಷ್ಟು ಬಿಡಬೇಕು, ದರಕು ಗುಡಿಸುವಾಗ ನೆಲಕ್ಕೆ ಎಷ್ಟು ಉಳಿಸಬೇಕು ಅನ್ನುವುದು ನಮ್ಮ ಅಜ್ಜಂದಿರಿಗೆ ಗೊತ್ತಿತ್ತು. ಎಲ್ಲಿಯೂ ಬರೆದಿಟ್ಟಿರಲಿಲ್ಲ. ಮಕ್ಕಳು ಶಾಲೆಗೆ ಹೋದರು, ಅಲ್ಲಿ ಅದು ಪಾಠವಾಗಲಿಲ್ಲ, ಮನೆಯಲ್ಲಿ ಹೇಳುವವರು ತೀರಿಹೋದರು. ಈಗ ಬೆಟ್ಟ ಕೆಲವು ಕಡೆ ಬೋಳು, ಕೆಲವು ಕಡೆ ಬರೀ ಅಕೇಶಿಯಾ.

ಈ ದರೋಡೆಯನ್ನು ನಿಲ್ಲಿಸುವ ಶಾಲೆಯಾಗಿ 1924ರಲ್ಲಿ ಶಿಕ್ಷಾಸತ್ರವನ್ನು ತೆರೆದರು. ಹಳ್ಳಿಯ ಬಡ ಮಕ್ಕಳಿಗಾಗಿಯೇ ಇದ್ದ ಶಾಲೆ. ಮೊದಲು ನೋಡಿಕೊಂಡವರು ಇಲಿನಾಯಿಗೆ ಹೋಗಿ ಬಂದ ಸಂತೋಷ ಮಜುಂದಾರರು. 1926ರಲ್ಲಿ ಅವರು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು, ಮರುವರ್ಷ ಶಾಲೆ ಶ್ರೀನಿಕೇತನಕ್ಕೆ ಬಂತು. ಅಲ್ಲಿ ಮಕ್ಕಳು ತೋಟ ಮಾಡುತ್ತಿದ್ದರು, ನೇಯುತ್ತಿದ್ದರು, ಅಡಿಗೆ ಮಾಡುತ್ತಿದ್ದರು. ಗಣಿತ, ವಿಜ್ಞಾನ ಎಲ್ಲ ಆ ಕೆಲಸದೊಳಗಿಂದಲೇ ಬರಬೇಕು. ಊರ ಹುಡುಗರನ್ನು ಬ್ರತೀಬಾಲಕ ಎಂಬ ದಳಗಳಾಗಿ ಕಟ್ಟಿ ಬೆಂಕಿ ಆರಿಸುವುದು, ಔಷಧ ಹಂಚುವುದು, ಕೈತೋಟ ಮಾಡುವುದು ಕಲಿಸಿದರು. ಶಿಕ್ಷಾಸತ್ರವನ್ನೂ ಶಾಂತಿನಿಕೇತನವನ್ನೂ ಬಲ್ಲ ಆರ್ಯನಾಯಕಂ ಮತ್ತು ಆಶಾದೇವಿ ದಂಪತಿಗಳೇ ಮುಂದೆ ವಾರ್ಧಾಕ್ಕೆ ಹೋಗಿ ಗಾಂಧೀಜಿಯವರ ಮೂಲೋದ್ಯೋಗ ಶಿಕ್ಷಣವನ್ನು ನಡೆಸಿದರು. ನಮ್ಮ ಹಿರಿಯರು ಶಾಲೆಯಲ್ಲಿ ತಕಲಿ ತಿರುಗಿಸಿದ್ದರ ಬೇರು ಸ್ವಲ್ಪ ಮಟ್ಟಿಗೆ ಅಲ್ಲಿಯದು.

ನಮ್ಮ ದೇಶದ ಶಿಕ್ಷಣ ನೀತಿಯಲ್ಲಿ ಪರಿಸರ ಎಂಬ ಮಾತು ಬಂದದ್ದು ಎಷ್ಟೋ ತಡವಾಗಿ. 1986ರ ನೀತಿ ಪರಿಸರ ರಕ್ಷಣೆಯನ್ನು ಎಲ್ಲ ಮಕ್ಕಳೂ ಕಲಿಯಬೇಕಾದ ತಿರುಳಿನಲ್ಲಿ ಸೇರಿಸಿತು. 1991ರಲ್ಲಿ ಸುಪ್ರೀಂ ಕೋರ್ಟು ಅದನ್ನು ಕಡ್ಡಾಯ ವಿಷಯವಾಗಿ ಕಲಿಸಬೇಕೆಂದು ಆಜ್ಞೆ ಮಾಡಿತು. 2020ರ ನೀತಿಯಲ್ಲೂ ಇದೆ. ಪುಸ್ತಕ ಬಂದಿದೆ, ಪರೀಕ್ಷೆ ಬಂದಿದೆ, ಜೂನ್ 5ಕ್ಕೆ ಗಿಡ ನೆಡುವ ಫೋಟೋ ಬರುತ್ತದೆ. ಇದು ಬೇಡ ಅನ್ನುವುದಿಲ್ಲ, ಇಷ್ಟಾದರೂ ಆಗಿದ್ದು ಒಳ್ಳೆಯದೇ. ಆದರೆ ಓಝೋನ್ ಪದರದ ಬಗ್ಗೆ ಹತ್ತು ಅಂಕದ ಉತ್ತರ ಬರೆಯುವ ಹುಡುಗಿಗೆ ತನ್ನ ಮನೆಯ ಗೊಬ್ಬರ ಗುಂಡಿ ಯಾಕೆ ಬಿಸಿಯಾಗುತ್ತದೆ ಅಂತ ಕೇಳಿದರೆ ಗೊತ್ತಿರುವುದಿಲ್ಲ. ರವೀಂದ್ರರ ಶಾಲೆಯಲ್ಲಿ ಪಾಠ ಶುರುವಾಗುತ್ತಿದ್ದುದೇ ಆ ಗುಂಡಿಯಿಂದ. ನಮ್ಮ ಸಂಘದ ಲಾಭದಲ್ಲಿ ಸಹಕಾರ ಶಿಕ್ಷಣ ನಿಧಿಗೆಂದು ಪ್ರತಿ ವರ್ಷ ಒಂದು ಪಾಲು ತೆಗೆದಿಡುತ್ತೇವೆ, ಹೆಚ್ಚು ಅಂಕ ಪಡೆದವರಿಗೆ ಬಹುಮಾನವನ್ನೂ ಕೊಡುತ್ತೇವೆ. ಶಾಲೆಯ ಹಿಂದಿನ ಎರಡು ಗುಂಟೆಯಲ್ಲಿ ಗೊಬ್ಬರ ಮಾಡಿ ತೋರಿಸಿದ ಮಕ್ಕಳಿಗೂ ಒಂದು ಬಹುಮಾನ ಇಡಬಹುದೇನೋ, ಸರ್ವ ಸಾಧಾರಣ ಸಭೆಯಲ್ಲಿ ಯಾರಾದರೂ ಈ ವಿಷಯ ತೆಗೆದರೆ ನಾವು ಅನುಮೋದಿಸುತ್ತೇವೆ.

ಅವರಿಗೂ ಇದು ಸುಲಭವಾಗಲಿಲ್ಲ ಎಂಬುದನ್ನು ಮುಚ್ಚಿಡಬಾರದು. ಶಾಂತಿನಿಕೇತನಕ್ಕೆ ಮಕ್ಕಳನ್ನು ಕಳಿಸಿದ ತಂದೆತಾಯಿಗಳಿಗೆ ಮೆಟ್ರಿಕ್ ಪಾಸಾಗಬೇಕಿತ್ತು. ಒತ್ತಾಯಕ್ಕೆ ಮಣಿದು ಕಲ್ಕತ್ತಾ ವಿಶ್ವವಿದ್ಯಾಲಯದ ಪರೀಕ್ಷೆಗೆ ಅವರೂ ಹುಡುಗರನ್ನು ತಯಾರು ಮಾಡಬೇಕಾಯಿತು. ಶಿಕ್ಷಾಸತ್ರ ಬಹಳ ಚಿಕ್ಕದಾಗಿಯೇ ಉಳಿಯಿತು. ಹಣಕ್ಕಾಗಿ ಮುಪ್ಪಿನಲ್ಲೂ ನಾಟಕ ತಂಡ ಕಟ್ಟಿಕೊಂಡು ಊರೂರು ಅಲೆದರು. 1921ರಲ್ಲಿ ಸ್ಥಾಪಿಸಿದ ವಿಶ್ವಭಾರತಿಯನ್ನು ತಮ್ಮ ನಂತರ ನೋಡಿಕೊಳ್ಳಬೇಕೆಂದು 1940ರಲ್ಲಿ ಗಾಂಧೀಜಿಯವರಿಗೆ ಪತ್ರ ಬರೆದು ಕೇಳಿಕೊಂಡರು. 1951ರಲ್ಲಿ ಅದು ಕೇಂದ್ರ ವಿಶ್ವವಿದ್ಯಾಲಯವಾಯಿತು. 2023ರಲ್ಲಿ ಶಾಂತಿನಿಕೇತನ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಬರವಣಿಗೆಯಲ್ಲೂ ಈ ಚಿಂತೆ ಇತ್ತು. 1922ರ ಮುಕ್ತಧಾರಾ ನಾಟಕದಲ್ಲಿ ರಾಜನ ಇಂಜಿನಿಯರ್ ದೊಡ್ಡ ಯಂತ್ರ ಕಟ್ಟಿ ಹೊಳೆಯ ನೀರನ್ನು ತಡೆಯುತ್ತಾನೆ, ಕೆಳಗಿನ ಊರಿನ ರೈತರನ್ನು ಬಗ್ಗಿಸಲಿಕ್ಕೆ. ರಾಜಕುಮಾರನೇ ಹೋಗಿ ಅದನ್ನು ಒಡೆಯುತ್ತಾನೆ, ಪ್ರವಾಹದಲ್ಲಿ ತಾನೂ ಹೋಗುತ್ತಾನೆ. ಹಾಗೆಂದು ಅವರು ಯಂತ್ರದ ವೈರಿಯಲ್ಲ. 1930ರಲ್ಲಿ ರಷ್ಯಾಕ್ಕೆ ಹೋಗಿ ಬಂದಾಗ ಅಲ್ಲಿ ರೈತರ ಮಕ್ಕಳೆಲ್ಲ ಓದುತ್ತಿರುವುದನ್ನು, ಕೂಡಿ ಬೇಸಾಯ ಮಾಡುವುದನ್ನು ಕಂಡು ಬಹಳ ಮೆಚ್ಚಿ ಬರೆದರು. ಅಲ್ಲಿಯ ಬಲಾತ್ಕಾರವನ್ನು ಒಪ್ಪಲಿಲ್ಲ, ಅದನ್ನೂ ಹೇಳಿಯೇ ಬಂದರು.

1928ರ ಮಳೆಗಾಲದಲ್ಲಿ ಎರಡು ಹೊಸ ಹಬ್ಬಗಳನ್ನು ಶುರು ಮಾಡಿದರು. ಶಾಂತಿನಿಕೇತನದಲ್ಲಿ ವೃಕ್ಷಾರೋಪಣ, ಶ್ರೀನಿಕೇತನದಲ್ಲಿ ಹಲಕರ್ಷಣ. ಸಸಿಯನ್ನು ಮದುಮಗಳ ಹಾಗೆ ಸಿಂಗಾರ ಮಾಡಿದ ಪಲ್ಲಕ್ಕಿಯಲ್ಲಿ ಹಾಡಿನೊಂದಿಗೆ ತರುವುದು, ಐದು ಮಕ್ಕಳು ಪಂಚಭೂತಗಳ ವೇಷ ಹಾಕಿ ಅದನ್ನು ಬರಮಾಡಿಕೊಳ್ಳುವುದು. ಹಲಕರ್ಷಣದ ದಿನ ಅರವತ್ತೇಳು ವರ್ಷದ ಕವಿ ತಾವೇ ನೇಗಿಲಿನ ಮೇಣಿ ಹಿಡಿದು ಸಾಲು ತೆಗೆದರು. ಸರಕಾರ ದೇಶಕ್ಕೆಲ್ಲ ವನಮಹೋತ್ಸವ ತಂದದ್ದು 1950ರಲ್ಲಿ, ಅದಕ್ಕಿಂತ ಇಪ್ಪತ್ತೆರಡು ವರ್ಷ ತಡವಾಗಿ.

1941ರ ಆಗಸ್ಟ್ 7ರಂದು ಜೋಡಾಸಾಂಕೋದ ಹುಟ್ಟಿದ ಮನೆಯಲ್ಲೇ ರವೀಂದ್ರರು ಕಾಲವಾದರು. ಬಂಗಾಳಿ ಪಂಚಾಂಗದಲ್ಲಿ ಅಂದು ಶ್ರಾವಣ ಮಾಸದ 22ನೇ ದಿನ. ಆ ತಿಥಿಗೆ ಶಾಂತಿನಿಕೇತನದಲ್ಲಿ ವೃಕ್ಷಾರೋಪಣ ನಡೆಯುತ್ತದೆ. ಮಕ್ಕಳು ಪಲ್ಲಕ್ಕಿಯಲ್ಲಿ ಸಸಿ ಹೊತ್ತು ತರುತ್ತಾರೆ. ಮಾರನೆಯ ದಿನ ಶ್ರೀನಿಕೇತನದಲ್ಲಿ ಎತ್ತುಗಳನ್ನು ಸಿಂಗರಿಸಿ ನೇಗಿಲು ಹೂಡುತ್ತಾರೆ.